ವಿಭೂತಿ ಧರಿಸಿದ ರೈಫಲ್ಲು

ನಮ್ಮ ಹೊಳೆನರಸೀಪುರದ ಪೇಟೆಬೀದಿಯಲ್ಲಿ ಆ ಕಾಲಕ್ಕೆ ಕೋವಿಯ ಲೈಸೆನ್ಸ್ ಇದ್ದವರು ನಾಲ್ಕು ಜನ. ಮೂವರು ಅದನ್ನು ಕಾಡುಹಂದಿಯ ಮೇಲೋ ಮೊಲದ ಮೇಲೋ ಪ್ರಯೋಗಿಸಿದವರು. ನಾಲ್ಕನೆಯವರಾದ ತೆಂಗಿನಕಾಯಿ ಮಂಡಿ ಷಡಕ್ಷರಯ್ಯನವರ ಮನೆಯಲ್ಲಿ ಮಾತ್ರ ಸೋಮವಾರ ಈರುಳ್ಳಿಯನ್ನೂ ಹೆಚ್ಚುತ್ತಿರಲಿಲ್ಲ. ಇಂಥ ಮನೆಗೆ ಬೇಟೆಯ ರೈಫಲ್ ಯಾಕೆ ಎಂದು ಕೇಳುವ ಹಕ್ಕು ಊರಿನ ಎಲ್ಲರಿಗೂ ಇತ್ತು, ಎಲ್ಲರೂ ಕೇಳಿಯೂ ಇದ್ದರು. ಅವರ ಪಕ್ಕದ ಮನೆಯವನೂ ಮಿಡ್ಲ್ ಸ್ಕೂಲ್ ಮೇಷ್ಟ್ರೂ ಆದ ನನಗೆ ಮಾತ್ರ ಉತ್ತರ ಗೊತ್ತಿತ್ತು.

ಮಂಜರಾಬಾದಿನ ಕಡೆಯ ಕಾಫಿ ತೋಟದ ದೊರೆಯೊಬ್ಬ ಇಂಗ್ಲೆಂಡಿಗೆ ವಾಪಸು ಹೊರಟಾಗ ಮನೆಯ ಸಾಮಾನೆಲ್ಲ ಮಾರಿದ. ಷಡಕ್ಷರಯ್ಯನವರು ಮಂಡಿಗೆ ಒಂದು ಬರೆಯುವ ಮೇಜು ತರೋಣವೆಂದು ಹೋದರು. ದೊರೆ ಅವರನ್ನು ಮೇಲಿಂದ ಕೆಳಗೆ ನೋಡಿ, ನಿಮ್ಮ ಮೀಸೆ ಶಿಕಾರಿಯ ಮೀಸೆ ಎಂದನಂತೆ. ಮೇಜು ಅಲ್ಲೇ ಉಳಿಯಿತು.

ರೈಫಲ್ ಹೆಗಲಿಗೇರಿಸಿಕೊಂಡು ಬಂದ ಗಂಡನನ್ನು ನೀಲಾಂಬಿಕೆಯವರು ಹೊಸ್ತಿಲಲ್ಲೇ ತಡೆದರು. “ಎಷ್ಟು ಜೀವ ತೆಗೆದೈತೋ ಏನೋ. ನೀವು ಒಳಗೆ ಬನ್ನಿ, ಅದು ಬರಕೂಡ್ದು.” ಮೂರು ದಿನ ರೈಫಲ್ ಜಗಲಿಯ ಮೇಲೆ ಗೋಣಿಚೀಲ ಹೊದ್ದು ಮಲಗಿತು. ನಾಲ್ಕನೆಯ ದಿನ ಮಠದ ಅಯ್ಯನವರು ಬಂದು ಪರಿಹಾರ ಹೇಳಿದರು. ಮನೆಗೆ ಹೊಸದಾಗಿ ಬಂದವರಿಗೆಲ್ಲ ಸಂಸ್ಕಾರ ಆಗಬೇಕು. ಹುಟ್ಟಿದ ಮಗುವಿಗೆ ಆಗುತ್ತದೆ, ಬಂದ ಸೊಸೆಗೆ ಆಗುತ್ತದೆ, ಕೋವಿಗೆ ಯಾಕೆ ಆಗಬಾರದು? ಅವರು ರೈಫಲ್ಲಿಗೆ ಪಾದೋದಕ ಪ್ರೋಕ್ಷಿಸಿ, ಹಿಡಿಯ ಮೇಲೆ ಮೂರು ಪಟ್ಟೆ ವಿಭೂತಿ ಎಳೆದು, ನಳಿಗೆಯ ತುಂಬ ವಿಭೂತಿಯ ಪುಡಿ ಗಿಡಿದು, ಬಾಯಿಗೆ ಜೇನುಮೇಣ ಮೆತ್ತಿದರು. “ಇನ್ನು ಇದು ಯಾರನ್ನೂ ಕೊಲ್ಲೋದಿಲ್ಲ ತಾಯಿ. ಇದೂ ಒಬ್ಬ ಶರಣ ಅಂದ್ಕೊಳ್ಳಿ” ಎಂದು ಆಶೀರ್ವಾದ ಮಾಡಿ ಹೋದರು. ಹೀಗೆ ಮೈಸೂರು ಸೀಮೆಯ ಏಕೈಕ ಸಸ್ಯಾಹಾರಿ ರೈಫಲ್ ದೇವರ ಕೋಣೆಯ ಪಕ್ಕದ ಗೋಡೆಯೇರಿತು. ಪ್ರತಿ ಸೋಮವಾರ ಅದಕ್ಕೊಂದು ಹೂವೂ ಸಿಗುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಕಥೆ ಬರೆಯಬೇಕಾಗಿರಲಿಲ್ಲ. ೧೯೬೧ರ ಮಾಗಿಯಲ್ಲಿ ಅವರ ಮಂಡಿಯ ಲಾರಿ ಅರಕಲಗೂಡಿನಿಂದ ಕಾಯಿ ತುಂಬಿಕೊಂಡು ಬರುತ್ತಿದ್ದಾಗ ಮುಂಜಾನೆಯ ಮಂಜಿನಲ್ಲಿ ಒಂದು ಚಿರತೆ ಅಡ್ಡ ಬಂತು. ಡ್ರೈವರ್ ಸಾಲಗಾಮೆಯ ಬೈರಯ್ಯ ಸತ್ತ ಚಿರತೆಯನ್ನು ಕಾಯಿಗಳ ಮೇಲೆ ಹಾಕಿಕೊಂಡು ಮಂಡಿಯ ಮುಂದೆ ಲಾರಿ ನಿಲ್ಲಿಸಿದ. “ನಾನೇನ್ ಮಾಡ್ಲಿ ಸಾ, ಆರನ್ ಒಡ್ದೆ, ಬಿರೇಕೂ ಆಕ್ದೆ. ಅದೇ ಬಂದು ತಲೆ ಕೊಡ್ತು” ಎಂದು ಕೈಮುಗಿದ. ಊರು ನೆರೆಯಿತು. ಷಡಕ್ಷರಯ್ಯನವರು ಒಳಗೆ ಹೋಗಿ, ಕೋಟು ಹಾಕಿ, ರೈಫಲ್ ತಂದು, ಚಿರತೆಯ ಮೇಲೆ ಒಂದು ಕಾಲಿಟ್ಟು, ಫೋಟೋದವನನ್ನು ಕರೆಸಿದರು.

“ಅಲ್ಲ ಷಡಕ್ಷರಯ್ಯನೋರೇ, ಕೊಂದಿದ್ದು ಲಾರಿ ಅಲ್ವಾ?” ಎಂದೆ.

“ಲಾರಿ ಯಾರ್ದು ಮೇಷ್ಟ್ರೇ?”

“ನಿಮ್ದು.”

“ಮತ್ತೆ?” ಎಂದರು. ನಾನು ಲೆಕ್ಕದ ಮೇಷ್ಟ್ರಾದರೂ ಈ ತರ್ಕದಲ್ಲಿ ತಪ್ಪು ಹುಡುಕಲಾಗಲಿಲ್ಲ. ಅಂದಿನಿಂದ ಅವರು ಶಿಕಾರಿ ಷಡಕ್ಷರಯ್ಯನವರಾದರು, ಲಾರಿಯ ಮಾತನ್ನು ಅವರ ಎದುರು ಯಾರೂ ಎತ್ತುತ್ತಿರಲಿಲ್ಲ. ದಿನ ಕಳೆದಂತೆ ಆ ಚಿರತೆ ಒಂದೊಂದೇ ಮೊಳ ಉದ್ದವಾಯಿತು. ಗುಂಡು ಮೊದಲು ಭುಜಕ್ಕೆ ಬಿದ್ದಿತ್ತು, ಗೌರಿ ಹಬ್ಬದ ಹೊತ್ತಿಗೆ ಎರಡು ಕಣ್ಣಿನ ನಡುವೆ ಬಿತ್ತು. ಬೈರಯ್ಯನ ಹೆಸರು ಮಾತ್ರ ಕಥೆಯಿಂದ ಮಾಯವಾಯಿತು. ಬೈರಯ್ಯನಿಗೆ ಇದರಿಂದ ಬೇಜಾರಾಗಿತ್ತು ಎಂಬುದು ನಮಗೆ ಗೊತ್ತಾದದ್ದು ಬಹಳ ತಡವಾಗಿ.

ಷಡಕ್ಷರಯ್ಯನವರಿಗೆ ಒಬ್ಬಳೇ ಮಗಳು, ಪ್ರೇಮಕುಮಾರಿ. ನನ್ನ ಹಳೆಯ ವಿದ್ಯಾರ್ಥಿನಿ. ಚೆಲುವೆ, ಜಾಣೆ, ಎಸ್.ಎಸ್.ಎಲ್.ಸಿ. ಪಾಸು. ಆದರೂ ಐದು ಸಂಬಂಧ ಬಂದು ಐದೂ ತಪ್ಪಿದ್ದವು. ಗಂಡಿನವರ ಮುಂದೆ ಇವರು ಕೊಚ್ಚಿಕೊಂಡದ್ದನ್ನು ಅವರು ಹೋಗುವ ದಾರಿಯಲ್ಲೇ ಯಾರಲ್ಲಾದರೂ ವಿಚಾರಿಸುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಆರನೆಯದು ಬೊಂಬಾಯಿಯಲ್ಲಿ ನೆಲೆಸಿದ ಅರಕಲಗೂಡಿನ ಚಂದ್ರಶೇಖರಯ್ಯನವರ ಮಗ. ವಿಮಾನದ ಕಂಪನಿಯೊಂದರಲ್ಲಿ ಕೆಲಸ. ಅರಕಲಗೂಡಿನಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಬಂದಿದ್ದಾಗ ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿದ್ದರು. ಇಬ್ಬರೂ ಮನೆಗೆ ಹೋಗಿ ಒಪ್ಪಿಗೆ ಎಂದಿದ್ದರು. ಸಂಪ್ರದಾಯದಂತೆ ಹುಡುಗಿಯ ಫೋಟೋ ಕಳಿಸಬೇಕಾಗಿತ್ತು. ಷಡಕ್ಷರಯ್ಯನವರು ಅದರ ಜೊತೆಗೆ ಯಾರೂ ಕೇಳದ ತಮ್ಮ ಚಿರತೆಯ ಫೋಟೋವನ್ನೂ ಲಕೋಟೆಗೆ ಹಾಕಿದರು.

ಚಂದ್ರಶೇಖರಯ್ಯನವರಿಂದ ಉತ್ತರ ಬಂತು. ನಾನೇ ಓದಿದೆ. “ತಮ್ಮ ಭಾವಚಿತ್ರ ತಲುಪಿತು. ಅದನ್ನು ನೋಡಿದಂದಿನಿಂದ ನಮ್ಮ ತಾಯಿಯವರು ತಮ್ಮನ್ನೂ ಆ ಕೋವಿಯನ್ನೂ ಕಣ್ಣಾರೆ ನೋಡಬೇಕೆಂದು ಹಠ ಹಿಡಿದಿದ್ದಾರೆ. ಎರಡು ವಿಮಾನದ ಟಿಕೆಟ್ ಕಳಿಸಿದೆ. ಕೋವಿ ಸಮೇತ ಬರುವುದು. ಮುಂದಿನ ಮಾತು ಆಮೇಲೆ.”

“ನೋಡಿದ್ರಾ!” ಎಂದರು ಷಡಕ್ಷರಯ್ಯನವರು. “ಬೊಂಬಾಯಿ ಅಂದ್ರೆ ಬೊಂಬಾಯಿ. ಗುಣಕ್ಕೆ ಬೆಲೆ ಕೊಡ್ತಾರೆ. ಎರಡನೇ ಟಿಕೇಟು ನಿಮ್ಗೇ ಮೇಷ್ಟ್ರೇ, ಇಂಗ್ಲಿಷಿಗೆ ಬೇಕಾಗುತ್ತೆ.”

ಕಾಗದ ಬಂದ ಮರುದಿನ ಪ್ರೇಮಕುಮಾರಿ ಹಿತ್ತಲ ಬೇಲಿಯ ಹತ್ತಿರ ನನ್ನನ್ನು ಕರೆದಳು. “ಸಾರ್, ಅಪ್ಪ ಜಾಸ್ತಿ ಮಾತಾಡದಂಗೆ ನೋಡ್ಕೊಳ್ಳಿ. ಹಿಂದಿನ ಐದೂ ಹೋಯ್ತು, ನಾನೇನೂ ಅನ್ಲಿಲ್ಲ. ಇದು ಮಾತ್ರ ನಂಗೆ ಬೇಕು ಸಾರ್.” ಅಷ್ಟು ಹೇಳಿ ಒಳಗೆ ಓಡಿದಳು. ಆ ಹುಡುಗಿ ಬಾಯಿಬಿಟ್ಟು ಏನನ್ನಾದರೂ ಬೇಕೆಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹುಲಿಯ ಬಾಯಿಯನ್ನಾದರೂ ಮುಚ್ಚಿಸಬಹುದು, ಅವಳ ಅಪ್ಪನದನ್ನು ಹೇಗೆ ಮುಚ್ಚಿಸುವುದೆಂದು ನನಗೆ ನಿದ್ದೆ ಬರಲಿಲ್ಲ.

ಕೋವಿ ಪಕ್ಕದ ತಾಲ್ಲೂಕಿಗೆ ಹೋಗಬೇಕಾದರೇ ನೂರು ನಿಯಮ, ಇನ್ನು ಪರರಾಜ್ಯಕ್ಕೆ ಹೋಗಬೇಕಾದರೆ ಕೇಳಬೇಕೆ. ಇದು ೧೯೬೩ರ ಮಾತು, ಅದರ ಹಿಂದಿನ ವರ್ಷವಷ್ಟೇ ಕೋವಿಗಳ ಹೊಸ ಕಾನೂನು ಜಾರಿಗೆ ಬಂದಿತ್ತು. ಚೀನಾ ಯುದ್ಧದ ಗಲಾಟೆ ಬೇರೆ. ತಾಲ್ಲೂಕು ಕಚೇರಿಯ ಗುಮಾಸ್ತ ತಮ್ಮಯ್ಯ ಅರ್ಜಿ ನೋಡಿ ಕನ್ನಡಕ ತೆಗೆದ.

“ಉದ್ದೇಶ ಏನಂತ ಬರೀಲಿ ಸಾವ್ಕಾರ್ರೇ?”

“ಬೀಗರನ್ನ ನೋಡೋದು.”

“ಕೋವಿ ತಗೊಂಡಾ? ಮದ್ವೆ ಮಾಡ್ಸಕ್ಕೋ, ನಿಲ್ಸಕ್ಕೋ?”

“ಬರೀರಿ ತಮ್ಮಯ್ಯ, ತಮಾಷೆ ಸಾಕು.”

“ಬರೀತೀನಿ. ಆದ್ರೆ ಇಲ್ನೋಡಿ, ಇಲ್ಲಿ ಮಾರ್ಗ ಅಂತ ಐತೆ. ಬಸ್ಸಲ್ಲಿ ಓದ್ರೆ ಊರೂರು ಎಸ್ರು ಬರೀಬೇಕು. ರೈಲಲ್ಲಿ ಓದ್ರೆ ಟೇಸನ್ ಎಸ್ರು. ಗಾಳೀಲಿ ಓದ್ರೆ ಏನ್ ಬರೀಲಿ?” ತಮ್ಮಯ್ಯ ಬಹಳ ಹೊತ್ತು ಸೂರು ನೋಡಿದ. ಆಮೇಲೆ ದುಂಡಾದ ಅಕ್ಷರದಲ್ಲಿ ‘ಮಾರ್ಗ: ಆಕಾಶ’ ಎಂದು ಬರೆದ. ಅದರ ಮೇಲೆ ಹಾಸನದ ದೊಡ್ಡ ಕಚೇರಿಯಲ್ಲಿ ರುಜು ಬಿತ್ತು, ಮೊಹರು ಬಿತ್ತು. ದೊಡ್ಡವರು ಮೊಹರಿನ ಜಾಗ ನೋಡುತ್ತಾರೆಯೇ ಹೊರತು ಮೇಲೆ ಬರೆದದ್ದನ್ನಲ್ಲ.

ಅಷ್ಟು ಸಿದ್ಧತೆಯಾದ ಮೇಲೆ ಬೈರಯ್ಯ ಲಾರಿಯಲ್ಲಿ ನಮ್ಮನ್ನು ಚನ್ನರಾಯಪಟ್ಟಣದ ತನಕ ಬಿಟ್ಟ. ಅಲ್ಲಿಂದ ಬೆಂಗಳೂರು ಬಸ್ಸು. ರೈಫಲ್ಲಿಗೆ ನೀಲಾಂಬಿಕೆಯವರು ಹಳೆಯ ಜಮಖಾನ ಸುತ್ತಿ, ಮೇಲೊಂದು ಮಲ್ಲಿಗೆ ದಂಡೆ ಕಟ್ಟಿ ಕಳಿಸಿದ್ದರು. ಬಸ್ಸಿನಲ್ಲಿ ಪಕ್ಕದವರು ಅದನ್ನು ತಂಬೂರಿ ಎಂದುಕೊಂಡು ಒಂದು ದೇವರನಾಮ ಹೇಳಿ ಎಂದು ಕೇಳಿದರು. ಷಡಕ್ಷರಯ್ಯನವರು ಜಮಖಾನ ಬಿಚ್ಚಿ ತೋರಿಸಿದರು. ಆಮೇಲೆ ಬೆಂಗಳೂರಿನ ತನಕ ನಮಗಿಬ್ಬರಿಗೇ ಮೂರು ಸೀಟು.

ಬೆಂಗಳೂರಿನಲ್ಲಿ ವಿಮಾನದ ಕ್ಯಾಪ್ಟನ್ ಪರ್ಮಿಟ್ಟು ನೋಡಿ, ಕೋವಿ ನನ್ನ ಬಳಿ ಇರಲಿ, ಬೊಂಬಾಯಿಯಲ್ಲಿ ಕೊಡುತ್ತೇನೆ ಎಂದು ಒಳಗಿಟ್ಟುಕೊಂಡ. ವಿಮಾನ ಮೇಲೇರಿದಾಗ ಷಡಕ್ಷರಯ್ಯನವರು ಎರಡು ಕೈಯಲ್ಲೂ ನನ್ನ ತೊಡೆ ಹಿಡಿದುಕೊಂಡಿದ್ದರು. ಶಿಕಾರಿಗಳ ಹಿಡಿತ ಬಲವಾಗಿರುತ್ತದೆ. ಹೈದರಾಬಾದಿನಲ್ಲಿ ಅರ್ಧ ಗಂಟೆ ನಿಂತು ಮುಂದೆ ಹೋಗುವ ವಿಮಾನ ಅದು. ನಮ್ಮ ಗ್ರಹಚಾರಕ್ಕೆ ಅಲ್ಲಿ ಇಳಿದಾಗ ಅದರ ಚಕ್ರ ಕೆಟ್ಟಿತು. ಎಲ್ಲರೂ ಸಾಮಾನು ಸಮೇತ ಇಳಿದು ಬೇರೆ ವಿಮಾನ ಹತ್ತಬೇಕೆಂದರು. ಜಮಖಾನ ಸುತ್ತಿದ ರೈಫಲ್ಲೂ ಇಳಿಯಿತು. ಅದರ ಹಿಂದೆಯೇ ಪೊಲೀಸ್ ಇನ್ಸ್‌ಪೆಕ್ಟರ್ ಬಂದ.

ಆತ ಪರ್ಮಿಟ್ಟಿನ ಇಂಗ್ಲಿಷ್ ಪ್ರತಿಯನ್ನು ಎರಡು ಸಲ ಓದಿದ. “ಇದರಲ್ಲಿ ಮಾರ್ಗ ಆಕಾಶ ಅಂತಿದೆ.”

“ಹೌದು” ಎಂದೆ.

“ಇದು ಆಂಧ್ರ ಪ್ರದೇಶದ ನೆಲ. ಆಕಾಶದಲ್ಲಿ ಇದ್ದಷ್ಟು ಹೊತ್ತು ಈ ಕೋವಿಗೆ ಅಪ್ಪಣೆ ಇದೆ. ನೆಲದ ಮೇಲೆ ಇಲ್ಲ. ನೆಲ ಮುಟ್ಟಿದ ಕೂಡಲೇ ಕಾನೂನುಬಾಹಿರ.”

ನಾನು ಇದನ್ನು ಷಡಕ್ಷರಯ್ಯನವರಿಗೆ ಕನ್ನಡದಲ್ಲಿ ಹೇಳಿದೆ. ಹೇಳಬಾರದಿತ್ತು.

“ನೆಲ ಮುಟ್ಟಬಾರ್ದು ತಾನೇ? ಅಷ್ಟೇ ತಾನೇ?” ಎನ್ನುತ್ತಲೇ ಅವರು ಜಮಖಾನ ಕಿತ್ತೆಸೆದು, ರೈಫಲ್ಲನ್ನು ಎರಡು ಕೈಯಲ್ಲಿ ತಲೆಯ ಮೇಲಕ್ಕೆತ್ತಿ ಹಿಡಿದು, “ಈಗ ಮುಟ್ಟಿಲ್ಲ! ಕೇಳಿ ಮೇಷ್ಟ್ರೇ, ಈಗ ಮುಟ್ಟಿಲ್ಲ ತಾನೇ ಅಂತ ಕೇಳಿ!” ಎಂದು ಕೂಗಿದರು.

ಚಹಾ ಕುಡಿಯುತ್ತಿದ್ದ ಪ್ರಯಾಣಿಕರು ಕಂಡದ್ದು ಇಷ್ಟೇ: ದೊಡ್ಡ ಮೀಸೆಯವನೊಬ್ಬ ರೈಫಲ್ ಎತ್ತಿ ಗೊತ್ತಿಲ್ಲದ ಭಾಷೆಯಲ್ಲಿ ಅಬ್ಬರಿಸುತ್ತಿದ್ದಾನೆ. ಒಬ್ಬಾಕೆ ಚೀರಿದಳು. ಒಬ್ಬ ಸೇಠು ಮೇಜಿನ ಕೆಳಗೆ ಹೋದ. ಆರು ಜನ ಕಾನ್‌ಸ್ಟೇಬಲ್ಲುಗಳು ನಮ್ಮನ್ನು ಸುತ್ತುವರಿದರು. ಷಡಕ್ಷರಯ್ಯನವರು ಮಾತ್ರ ಕೈ ಇಳಿಸಲಿಲ್ಲ. ಇಳಿಸಿದರೆ ಕಾನೂನು ಮುರಿದಂತಾಗುತ್ತದಲ್ಲ! ಕೊನೆಗೆ ನಾನು ಬೇರೆ ದಾರಿ ಕಾಣದೆ ಅವರ ಕೋಟಿನ ಜೇಬಿನಲ್ಲಿ ಸದಾ ಇರುತ್ತಿದ್ದ ಚಿರತೆಯ ಫೋಟೋದ ಇನ್ನೊಂದು ಪ್ರತಿ ತೆಗೆದು ಇನ್ಸ್‌ಪೆಕ್ಟರನ ಮುಂದೆ ಹಿಡಿದೆ.

ಆತ ಫೋಟೋ ನೋಡಿದ. ಮೀಸೆ ನೋಡಿದ. ಮತ್ತೆ ಫೋಟೋ ನೋಡಿದ. ಮುಖ ಅರಳಿತು. ಆತನೂ ಶಿಕಾರಿಯಂತೆ! “ಅರೇ ಭಾಯಿ, ಮೊದಲೇ ಹೇಳಬಾರದೆ!” ಎಂದು ಷಡಕ್ಷರಯ್ಯನವರನ್ನು ಅಪ್ಪಿಕೊಂಡ. ಚಹಾ ಬಂತು, ಬಿಸ್ಕತ್ತು ಬಂತು. ಎಷ್ಟು ದೂರದಿಂದ ಹೊಡೆದಿರಿ ಎಂದು ಆತ ಕೇಳಿದ. ನಾನು ಷಡಕ್ಷರಯ್ಯನವರ ಕಾಲು ತುಳಿದೆ. ಅವರು ಕಾಲು ಪಕ್ಕಕ್ಕಿಟ್ಟುಕೊಂಡು, “ಇನ್ನೂರು ಗಜ ಅಂತ ಹೇಳಿ” ಎಂದರು. ಇನ್ಸ್‌ಪೆಕ್ಟರು ಸಂತೋಷದಿಂದ ಪರ್ಮಿಟ್ಟಿನ ಬೆನ್ನ ಮೇಲೆ, ‘ಪ್ರಸಿದ್ಧ ಶಿಕಾರಿ. ೧೯೬೧ರಲ್ಲಿ ಇದೇ ರೈಫಲ್ಲಿನಿಂದ ಇನ್ನೂರು ಗಜ ದೂರದಿಂದ ಚಿರತೆ ಹೊಡೆದದ್ದಾಗಿ ಹೇಳಿಕೆ ಕೊಟ್ಟಿದ್ದಾರೆ. ಮುಂದೆ ಬಿಡಬಹುದು’ ಎಂದು ಬರೆದು ಅರಗಿನ ಮುದ್ರೆ ಒತ್ತಿದ. ಷಡಕ್ಷರಯ್ಯನವರು ಆ ಮುದ್ರೆಯನ್ನು ಬೊಂಬಾಯಿಯ ತನಕ ಸವರುತ್ತ ಕೂತರು. ಈ ಸಲ ನನ್ನ ತೊಡೆ ಹಿಡಿಯಲಿಲ್ಲ.

ಬೊಂಬಾಯಿಯಲ್ಲಿ ನಮ್ಮನ್ನು ಎದುರುಗೊಂಡ ಅಧಿಕಾರಿ ಬೇರೆ ಜಾತಿಯ ಮನುಷ್ಯ. ಸಣಕಲು ಮೈ, ದಪ್ಪ ಕನ್ನಡಕ, ನಗುವಿನ ಪರಿಚಯವಿಲ್ಲದ ತುಟಿ. ಆ ವರ್ಷ ಚಿನ್ನದ ಮೇಲೆ ಸರ್ಕಾರ ನಿರ್ಬಂಧ ಹಾಕಿತ್ತು. ಬೊಂಬಾಯಿಗೆ ಬಂದವರ ಚಪ್ಪಲಿಯ ಅಟ್ಟೆಯನ್ನೂ ಬಿಚ್ಚಿ ನೋಡುತ್ತಿದ್ದ ಕಾಲ. ಆತ ಪರ್ಮಿಟ್ಟು ಓದಿದ, ಬೆನ್ನು ಓದಿದ, ರೈಫಲ್ಲನ್ನು ಎತ್ತಿ ನಳಿಗೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದ. ಬೆಳಕು ಕಾಣಲಿಲ್ಲ. ಉಗುರಿನಿಂದ ಕೆರೆದ. ಮೇಣ ಬಂತು.

“ಈ ನಳಿಗೆ ಮುಚ್ಚಿದೆ.”

“ಹೌದು” ಎಂದೆ.

“ಯಾವಾಗಿನಿಂದ?”

“೧೯೫೫ರಿಂದ” ಎಂದೆ, ಮೇಷ್ಟ್ರಿಗೆ ಸಹಜವಾದ ದಡ್ಡತನದಿಂದ.

ಆತ ಪರ್ಮಿಟ್ಟಿನ ಬೆನ್ನು ತೋರಿಸಿದ. “ಇಲ್ಲಿ ೧೯೬೧ರಲ್ಲಿ ಚಿರತೆ ಹೊಡೆದೆ ಅಂತಿದೆ. ೧೯೫೫ರಿಂದ ಮುಚ್ಚಿದ ನಳಿಗೆಯಿಂದ ಗುಂಡು ಹೇಗೆ ಹೊರಗೆ ಬಂತು? ಚಿರತೆ ಹೊಡೆದದ್ದು ನಿಜವಾದರೆ ಆಮೇಲೆ ಒಳಗೆ ಏನೋ ಅಡಗಿಸಿ ಮುಚ್ಚಿದ್ದೀರಿ. ಏನು ಅಂತ ನನಗೆ ಗೊತ್ತು. ಹೊಡೆದದ್ದು ಸುಳ್ಳಾದರೆ ಪೊಲೀಸರ ಮುಂದೆ ಸುಳ್ಳು ಹೇಳಿಕೆ ಕೊಟ್ಟಿದ್ದೀರಿ. ಯಾವುದು ಅಂತ ಇವರೇ ಹೇಳಲಿ.”

ನಾನು ಕನ್ನಡದಲ್ಲಿ ಹೇಳಿದೆ. ಚಿನ್ನದ ಕಳ್ಳನೋ, ಬರೀ ಸುಳ್ಳನೋ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದೆ. ಎರಡನೆಯದಕ್ಕೆ ಶಿಕ್ಷೆ ಕಡಿಮೆ ಎಂದೂ ಸೇರಿಸಿದೆ. ಷಡಕ್ಷರಯ್ಯನವರು ಮೀಸೆಯ ತುದಿ ಮುಟ್ಟಿ ನೋಡಿಕೊಂಡರು. “ಚಿರತೆ ಹೊಡೆದಿದ್ದು ನಿಜ ಅಂತ ಹೇಳಿ ಮೇಷ್ಟ್ರೇ. ಕಳ್ಳ ಅಂದ್ರೂ ಪರವಾಗಿಲ್ಲ.” ಇಂಥವರನ್ನು ಕಟ್ಟಿಕೊಂಡು ದೇಶ ಸುತ್ತಲು ಹೊರಟ ನನ್ನ ತಲೆಗೆ ಏನು ಹೇಳಬೇಕು!

ನಮ್ಮನ್ನು ಒಂದು ಕೋಣೆಯಲ್ಲಿ ಕೂರಿಸಿದರು. ಕೋವಿ ರಿಪೇರಿಯವನನ್ನು ಕರೆಸಿದರು. ಒಬ್ಬ ಅಕ್ಕಸಾಲಿಗ ಒರೆಗಲ್ಲು ಹಿಡಿದು ಬಂದ. ಮೇಜಿನ ಮೇಲೆ ಪತ್ರಿಕೆ ಹಾಸಿ, ಉದ್ದನೆಯ ಕಡ್ಡಿಯಿಂದ ನಳಿಗೆಯನ್ನು ಕುಟ್ಟಿದರು. ಎಂಟು ವರ್ಷದ ಬಿಳಿ ಪುಡಿ ಉದುರಿತು. ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದು, ಯಾರೂ ಬೀಡಿ ಹಚ್ಚಬೇಡಿ ಎಂದ. ಸಿಡಿಮದ್ದೋ, ಅಫೀಮಿನ ಜಾತಿಯದೋ, ಚಿನ್ನವನ್ನು ಸುಟ್ಟು ಮಾಡಿದ ಭಸ್ಮವೋ ಎಂದು ಅವರವರಲ್ಲೇ ಚರ್ಚೆ ನಡೆಯಿತು. ಅಕ್ಕಸಾಲಿಗ ಅದನ್ನು ಒರೆಗಲ್ಲಿಗೆ ತಿಕ್ಕಿ ತಲೆಯಾಡಿಸಿದ.

ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಹವಾಲ್ದಾರ ಮುಂದೆ ಬಂದು ಪುಡಿಯನ್ನು ಮೂಸಿದ. ಸೊಲ್ಲಾಪುರದ ಕಡೆಯವನು. “ಏ ಯಪ್ಪಾ, ಇದು ಇಬತ್ತಿ ಐತ್ರಿ!” ಎಂದು ಟೋಪಿ ತೆಗೆದು, ಮೂರು ಬೆರಳಿನಲ್ಲಿ ಹಣೆಗೆ ಎಳೆದುಕೊಂಡು, “ಯಾ ಮಠದ್ದರಿ?” ಎಂದು ನಮ್ಮ ಭಾಷೆಯಲ್ಲಿ ನಮ್ಮನ್ನೇ ಕೇಳಿದ. ನನಗೆ ಅವನ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ದೊರೆಯ ಮಾತಿನಿಂದ ಬೈರಯ್ಯನ ಲಾರಿಯ ತನಕ ಅಷ್ಟನ್ನೂ ಹೇಳಿಬಿಟ್ಟೆ. ಹವಾಲ್ದಾರ ಮರಾಠಿಗೆ ತಿರುಗಿಸುತ್ತ ಹೋದ. ಷಡಕ್ಷರಯ್ಯನವರು ಗೋಡೆ ನೋಡುತ್ತ ಕೂತಿದ್ದರು. ನಗುವಿನ ಪರಿಚಯವಿಲ್ಲದ ಅಧಿಕಾರಿ ಲಾರಿಯ ಭಾಗ ಬಂದಾಗ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ. ಅವನ ಹೆಗಲು ಕುಣಿಯುತ್ತಿತ್ತು.

ಆದರೂ ಕಾನೂನು ಕಾನೂನೇ. ಪಂಚನಾಮೆ ಆಯಿತು. ಐದು ಜನ ರುಜು ಹಾಕಿದರು, ಎರಡು ಮೊಹರು ಬಿತ್ತು. ಅದರ ಸಾರಾಂಶ ಇದು: ಸದರಿ ರೈಫಲ್ಲಿನ ನಳಿಗೆಯಲ್ಲಿ ಪವಿತ್ರ ಭಸ್ಮ ಮಾತ್ರ ದೊರೆತಿದೆ. ಸದರಿ ರೈಫಲ್ ಎಂಟು ವರ್ಷಗಳಿಂದ ಹಾರಿಲ್ಲ. ಸ್ಪ್ರಿಂಗು ತುಕ್ಕು ಹಿಡಿದಿರುವುದರಿಂದ ಇನ್ನು ಮುಂದೆಯೂ ಹಾರಲಾರದು. ಸದರಿ ಮಾಲೀಕರು ಇದರಿಂದ ಚಿರತೆಯನ್ನಾಗಲಿ ಬೇರಾವ ಪ್ರಾಣಿಯನ್ನಾಗಲಿ ಕೊಂದಿಲ್ಲ, ಕೊಲ್ಲಲು ಶಕ್ತರೂ ಅಲ್ಲ. ರೈಫಲ್ಲು ಠಾಣೆಯಲ್ಲಿರುತ್ತದೆ, ವಾಪಸು ಹೋಗುವಾಗ ಈ ಕಾಗದ ತೋರಿಸಿ ಪಡೆಯಬೇಕು.

“ಮೇಷ್ಟ್ರೇ” ಎಂದರು ಷಡಕ್ಷರಯ್ಯನವರು ಟ್ಯಾಕ್ಸಿಯಲ್ಲಿ. ದನಿ ಸಣ್ಣದಾಗಿತ್ತು. “ಈ ಕಾಗದ ಹೊಳೆನರಸೀಪುರ ಕಂಡ್ರೆ ನಾನು ಹೇಮಾವತಿಗೆ ಬೀಳ್ತೀನಿ. ಹರಿದಾಕಿ.”

“ಹರಿದ್ರೆ ಕೋವಿ ಬರಲ್ಲ.”

“ಹಂಗಾದ್ರೆ ನಿಮ್ಮತ್ರಾನೇ ಇರ್ಲಿ. ನಂಗೆ ತೋರಿಸ್ಬೇಡಿ.” ನಾನು ಅದನ್ನು ಮಡಿಸಿ ಕೋಟಿನ ಒಳಜೇಬಿಗೆ ಹಾಕಿಕೊಂಡೆ.

ಚಂದ್ರಶೇಖರಯ್ಯನವರ ಮನೆ ಮಾಟುಂಗದಲ್ಲಿ ಮೂರನೆಯ ಮಹಡಿ. ಹುಡುಗ ನಮ್ಮನ್ನು ನೋಡಿ ನಗಲು ಪ್ರಯತ್ನಿಸಿದ, ಆಗಲಿಲ್ಲ. ಅವನ ತಂದೆ ಊಟದ ತನಕ ಬೊಂಬಾಯಿಯ ಸೆಕೆಯ ವಿಷಯವನ್ನೇ ಮಾತಾಡಿದರು. ಅಜ್ಜಿ ಗಂಗಾಂಬಿಕೆಯವರು ಎಂಬತ್ತರ ಹತ್ತಿರದ ಹಿಡಿಯಷ್ಟು ಹೆಂಗಸು. ಹೋಳಿಗೆಯ ಮೇಲೆ ಹೋಳಿಗೆ ಬಡಿಸಿದರು. ಷಡಕ್ಷರಯ್ಯನವರು ಮೂರನೆಯ ಹೋಳಿಗೆಗೆ ಚೇತರಿಸಿಕೊಂಡರು, ನಾಲ್ಕನೆಯದಕ್ಕೆ ಮೀಸೆ ತಿರುವಿದರು.

“ಕೋವಿ ಎಲ್ಲಪ್ಪಾ?” ಎಂದರು ಅಜ್ಜಿ.

“ಠಾಣೇಲಿ ಭದ್ರವಾಗೈತೆ ಅಮ್ಮ. ಇಂಥ ಊರಲ್ಲಿ ಅಂಥ ಭಾರೀ ರೈಫಲ್ಲು…”

“ಊಟ ಆಯ್ತಲ್ಲ, ಎಲೆ ಅಡಿಕೆ ತಗೋ. ಈಗ ಹೇಳ್ತೀನಿ ಕೇಳು. ಈ ಸಂಬಂಧ ಆಗೋದಿಲ್ಲ.”

ಷಡಕ್ಷರಯ್ಯನವರ ಕೈಯಲ್ಲಿದ್ದ ಎಲೆ ಹಾಗೇ ನಿಂತಿತು.

“ಹೆಣ್ಣು ಹೆತ್ತೋರಿಗೆ ಕಾಗದದಲ್ಲಿ ಇಲ್ಲ ಅನ್ನಬಾರ್ದು, ಕರೆದು ಊಟಕ್ಕಿಕ್ಕಿ ಇಲ್ಲ ಅನ್ನಬೇಕು ಅಂತ ನಮ್ಮತ್ತೆ ಹೇಳ್ತಿದ್ರು. ಅದಕ್ಕೇ ಕರೆಸ್ದೆ. ಹುಡುಗಿ ಚಿನ್ನದಂಥೋಳು ಅಂತ ನನ್ನ ಮೊಮ್ಮಗ ಮೂರು ತಿಂಗ್ಳಿಂದ ಹೇಳ್ತಾನೇ ಅವ್ನೆ. ಆದ್ರೆ ಆ ಪಟ ನೋಡಿದ್ಮೇಲೆ ನಂಗೆ ಅನ್ನ ಸೇರ್ತಿಲ್ಲ. ಸತ್ತ ಜೀವದ ಮ್ಯಾಲೆ ಕಾಲಿಟ್ಟು ನಗ್ತಾ ನಿಂತಿದ್ದೀಯಲ್ಲಪ್ಪಾ! ಅಂಥ ಕೈಯಿಂದ ನಮ್ಮನೆ ಧಾರೆ ಎರೆಸ್ಕೊಳ್ಳೋದಾ? ಕೋವೀನ ಯಾಕೆ ತರ್ಸಿದೆ ಅಂದ್ರೆ, ಬಂದಿದ್ದಿಕ್ಕೆ ಅದನ್ನ ಸಮುದ್ರಕ್ಕಾಕ್ಸಿ ನಿನ್ನ ಪಾಪಾನಾದ್ರೂ ಕಳೆಯೋಣ ಅಂತ.”

ನಾನು ಷಡಕ್ಷರಯ್ಯನವರನ್ನು ನೋಡಿದೆ. ಹಿತ್ತಲ ಬೇಲಿಯ ಹತ್ತಿರ ಆ ಹುಡುಗಿ ಹೇಳಿದ್ದನ್ನು ಅವರಿಗೆ ಹೇಳಿರಲಿಲ್ಲ, ಆದರೆ ಅಪ್ಪನಿಗೆ ಮಗಳ ಮನಸ್ಸು ಗೊತ್ತಿರಲಿಲ್ಲವೆಂದು ಯಾರು ಹೇಳಿದರು? ಅವರ ಮುಖ ಬೆಳ್ಳಗಾಯಿತು, ಕೆಂಪಗಾಯಿತು.

“ಅಮ್ಮಾ, ನಾನು ಕೊಂದಿಲ್ಲ.”

“ಮತ್ತೆ ಪಟ ಸುಳ್ಳಾ? ಇಷ್ಟೊತ್ತು ಭಾರೀ ರೈಫಲ್ಲು ಅಂದಿದ್ದು?”

“ಅದು…”

“ಬ್ಯಾಡಪ್ಪ. ಕೆಲ್ಸ ಕೆಡ್ತು ಅಂತ ಈಗ ಮಾತು ತಿರುಗಿಸ್ತಿದ್ದೀಯ. ನಿನ್ನ ಬಾಯಿಮಾತನ್ನ ಹೆಂಗೆ ನಂಬ್ಲಿ?”

ನನಗೆ ಜೇಬಿನಲ್ಲಿ ಆ ಕಾಗದ ಸುಡುತ್ತಿತ್ತು. ಆದರೆ ಅವರ ಅಪ್ಪಣೆಯಿಲ್ಲದೆ ತೆಗೆಯುವಂತಿರಲಿಲ್ಲ. ಷಡಕ್ಷರಯ್ಯನವರು ಕೈಯಲ್ಲಿದ್ದ ಎಲೆಯನ್ನು ತಟ್ಟೆಗೆ ವಾಪಸು ಹಾಕಿದರು. ಆಮೇಲೆ ನನ್ನ ಕಡೆ ಕೈ ಚಾಚಿದರು. “ಕೊಡಿ ಮೇಷ್ಟ್ರೇ. ಅಲ್ಲ, ನೀವೇ ಓದಿ. ಎಲ್ಲಾನೂ ಓದಿ. ಒಂದಕ್ಷರ ಬಿಡಬೇಡಿ.”

ಓದಿದೆ. ‘ಕೊಲ್ಲಲು ಶಕ್ತರೂ ಅಲ್ಲ’ ಎನ್ನುವಲ್ಲಿಗೆ ಬಂದಾಗ ಹುಡುಗ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕದ್ದು ಹೊರಗೆ ಕೇಳಿಸಿತು. ಅಜ್ಜಿ ನಗಲಿಲ್ಲ. ವಿಭೂತಿ ತುಂಬಿದ್ದು ಯಾವ ಅಯ್ಯನವರು ಎಂದು ಕೇಳಿ ತಿಳಿದುಕೊಂಡರು. ಮೊಹರುಗಳನ್ನು ಮುಟ್ಟಿ ನೋಡಿದರು.

“ಹುಡುಗಿ ತರೋಣ” ಎಂದರು ಕೊನೆಗೆ. “ಆದ್ರೆ ಒಂದು ಮಾತು. ನೀನು ಸುಳ್ಳು ಹೇಳಿದ್ದು ನಿನ್ನೂರಿಗೆ. ನಿಜಾನೂ ನಿನ್ನೂರಿಗೇ ಹೇಳ್ಬೇಕು. ಮದುವೆ ದಿನ, ಚಪ್ಪರದಲ್ಲಿ, ನಾಲ್ಕು ಜನದ ಮುಂದೆ ಈ ಕಾಗದ ಓದು. ಆಮೇಲೆ ಧಾರೆ ಎರಿ. ಆಗಲ್ಲ ಅಂದ್ರೆ ಈಗ್ಲೇ ಹೇಳು.”

ಷಡಕ್ಷರಯ್ಯನವರು ಅಜ್ಜಿಗೆ ಕೈಮುಗಿದು, “ಓದ್ತೀನಮ್ಮ” ಎಂದರು.

ಕಾಗದ ತೋರಿಸಿ ಬಿಡಿಸಿಕೊಂಡ ಕೋವಿ ಊರಿಗೆ ಮರಳಿ ಮತ್ತೆ ತನ್ನ ಗೋಡೆಯೇರಿತು. ಮೂರು ತಿಂಗಳ ನಂತರ ಹೊಳೆನರಸೀಪುರದಲ್ಲಿ ಮದುವೆ. ಚಪ್ಪರದಲ್ಲಿ ಊರಿಗೆ ಊರೇ ಇತ್ತು. ತಮ್ಮಯ್ಯ ಇದ್ದ, ಕೋವಿ ಲೈಸೆನ್ಸಿನ ಉಳಿದ ಮೂವರೂ ಮುಂದಿನ ಸಾಲಿನಲ್ಲೇ ಇದ್ದರು. ಷಡಕ್ಷರಯ್ಯನವರು ರೇಷ್ಮೆ ಪಂಚೆ ಉಟ್ಟು, ಕಾಗದ ಹಿಡಿದು ಎದ್ದು ನಿಂತರು. ವಾಲಗದವರನ್ನು ಸುಮ್ಮನಿರಿಸಿದರು. ನಾನು ಕನ್ನಡಕ್ಕೆ ತಿರುಗಿಸಿ ಬರೆದುಕೊಟ್ಟಿದ್ದೆ. ಮೊದಲ ಎರಡು ಸಾಲು ಅವರಿಗೇ ಕೇಳಿಸಿತೋ ಇಲ್ಲವೋ. “ಜೋರಾಗಿ!” ಎಂದರು ಅಜ್ಜಿ. ಅವರು ಜೋರಾಗಿ ಓದಿದರು. ಚಿರತೆಯನ್ನಾಗಲಿ ಬೇರಾವ ಪ್ರಾಣಿಯನ್ನಾಗಲಿ ಕೊಂದಿಲ್ಲ ಎಂಬಲ್ಲಿ ಕಾಗದವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಹಸೆಮಣೆಯ ಮೇಲೆ ಪ್ರೇಮಕುಮಾರಿ ತಲೆ ತಗ್ಗಿಸಿದ್ದಳು, ಅವಳ ಮಡಿಲಿಗೆ ಕಣ್ಣೀರು ಬೀಳುತ್ತಿತ್ತು.

ಹಿಂದಿನ ಕಂಬದ ಹತ್ತಿರ ಬೈರಯ್ಯ ಎದ್ದು ನಿಂತ. “ನಾನು ಎಲ್ಡು ವರ್ಸದಿಂದ ಯೋಳ್ತಾನೇ ಇವ್ನಿ, ಯಾರೂ ಕೇಳ್ನಿಲ್ಲ! ಒಡ್ದಿದ್ದು ನನ್ ಲಾರಿ ಕಣ್ರಪ್ಪೋ!”

“ಹೌದು ಕಣೋ ಬೈರ, ನಿಂದೇ!” ಎಂದರು ಷಡಕ್ಷರಯ್ಯನವರು, ಅಷ್ಟು ಜನದ ಮುಂದೆ. ಚಪ್ಪರ ಹಾರಿಹೋಗುವಂತೆ ಜನ ನಕ್ಕರು. ಮುಂದಿನ ಸಾಲಿನ ಮೂವರೂ ನಕ್ಕರು. ಆ ನಗುವಿನಲ್ಲಿ ಏನು ಕಂಡರೋ, ಷಡಕ್ಷರಯ್ಯನವರಿಗೆ ಹುರುಪು ಬಂತು. ಎದೆ ಉಬ್ಬಿಸಿ, “ಕೇಳಿ, ಇನ್ನೂ ಐತೆ! ಕೊಲ್ಲಲು ಶಕ್ತರೂ ಅಲ್ಲ! ಐದು ಜನ ಆಫೀಸರ್ರು ರುಜು ಹಾಕವ್ರೆ. ಎರಡು ಮೊಹರು! ಈ ತಾಲ್ಲೂಕಲ್ಲಿ ಇಂಥ ಸರ್ಟಿಫಿಕೇಟು ಇನ್ಯಾರತ್ರ ಐತೆ, ಹೇಳಿ ನೋಡೋಣ!” ಎಂದು ಮತ್ತೆ ಮೊದಲಿನಿಂದ ಓದಲು ಶುರು ಮಾಡಿದರು. ಅಯ್ಯನವರು ಮುಹೂರ್ತ ಮೀರುತ್ತದೆ ಎಂದು ಕೂಗಿದರು. ನೀಲಾಂಬಿಕೆಯವರು ಪಂಚೆಯ ಚುಂಗು ಹಿಡಿದೆಳೆದರು.

“ಅಪ್ಪಾ, ಸಾಕು ಬಾರಪ್ಪಾ” ಎಂದಳು ಪ್ರೇಮಕುಮಾರಿ, ಅಳುತ್ತಲೇ ನಗುತ್ತ.

ಆ ದನಿಗೆ ಅವರ ಬಾಯಿ ಮುಚ್ಚಿತು. ಕಾಗದ ನನ್ನ ಕೈಗೆ ತುರುಕಿ ಹೋಗಿ ನಿಂತರು. ಮಗಳ ಕೈಯನ್ನು ಹುಡುಗನ ಕೈಯಲ್ಲಿಟ್ಟು ಧಾರೆಯ ಗಿಂಡಿ ಎತ್ತಿದಾಗ ಅವರ ಕೈ ಎಷ್ಟು ನಡುಗುತ್ತಿತ್ತೆಂದರೆ ನೀರು ಹಸೆಯ ಮೇಲೆಲ್ಲ ಚೆಲ್ಲುತ್ತಿತ್ತು, ಕೈಗಳ ಮೇಲೆ ಮಾತ್ರ ಬೀಳುತ್ತಿರಲಿಲ್ಲ. ಗಂಗಾಂಬಿಕೆಯವರು ಅದನ್ನು ನೋಡುತ್ತ ನಿಂತಿದ್ದರು.

“ಈ ಕೈಯಲ್ಲಿ ಚಿರತೆ ಹೊಡೆದ ಅಂದಾಗ ನಾನಾದ್ರೂ ಹೆಂಗೆ ನಂಬಿದ್ನೋ” ಎನ್ನುತ್ತ ಅಜ್ಜಿ ಮುಂದೆ ಬಂದು, ತಮ್ಮ ಪುಟ್ಟ ಮುದಿ ಕೈಯನ್ನು ಅವರ ಕೈಯ ಕೆಳಗೆ ಆಸರೆಯಾಗಿ ಹಿಡಿದರು. ಆಗ ನೀರು ನೆಟ್ಟಗೆ ಬಿತ್ತು.